ಇಂಟು, ಬಾಣ, ಗೀಟು

“ಹಸಿರು ಸೀರೆ ಆರುನೂರು. ಬಳೆ ಒಂದು ಡಜನ್ ಅರವತ್ತು. ಮಲ್ಲಿಗೆ ನಾಕು ಮಾರು ಅಂದ್ರೂ ಇನ್ನೂರ ನಲವತ್ತು. ಬಿದಿರಿನ ಗಳ ಎರಡಕ್ಕೆ ಮುನ್ನೂರು. ಗುಂಡಿಗೆ ಜೆಸಿಬಿ, ಗಂಟೆಗೆ ಸಾವಿರದ ಇನ್ನೂರು. ಯಾರಾದ್ರೂ ಒಂದು ಕಾಗದ ಕೊಡ್ರಮ್ಮ, ಬರ್ಕೊಂಡ್ಬುಡ್ತೀನಿ. ಅದು ಬಿಟ್ಟೋಯ್ತು ಇದು ಬಿಟ್ಟೋಯ್ತು ಅಂತ ಸಿರಾಕ್ಕೆ ಎರಡೆರಡು ಸಲ ಓಡೋದು ಬೇಡ.”

ಚಿಕ್ಕನರಸಯ್ಯ ಮೇಷ್ಟ್ರು ಜಗಲಿಯ ಮೇಲೆ ಕುಳಿತು ಜೇಬಿನಿಂದ ಪೆನ್ನು ತೆಗೆದರು. ಕೆಂಪು ಪೆನ್ನು. ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಅವರ ಜೇಬಿಗೆ ಬೇರೆ ಬಣ್ಣ ಬಂದಿರಲಿಲ್ಲ. ಒಳಗೆ ನಡುಮನೆಯಲ್ಲಿ ಅವರ ಅಕ್ಕ ಹನುಮಕ್ಕ, ಚಾಪೆಯ ಮೇಲೆ ಮಲಗಿಸಿದ್ದ ಸೊಸೆ ಲೋಹಿತಾಳ ತಲೆದೆಸೆಯಲ್ಲಿ ಗೋಡೆಗೊರಗಿ ಕೂತಿದ್ದಳು. ತಮ್ಮನ ಲೆಕ್ಕ ಕಿವಿಗೆ ಬೀಳುತ್ತಿತ್ತು. ಆರುನೂರಕ್ಕೆ ಸೀರೆ ಬರಲ್ಲ, ಬಂದರೂ ಅದು ಸೀರೆಯಲ್ಲ ಸೊಳ್ಳೆಪರದೆ ಎಂದು ಲೋಹಿತಾ ಇದ್ದಿದ್ದರೆ ಹೇಳುತ್ತಿದ್ದಳು. ಟೈಲರಮ್ಮ ಅವಳು. ಬಟ್ಟೆಯ ವಿಷಯದಲ್ಲಿ ಅವಳ ಮುಂದೆ ಯಾರ ಆಟವೂ ನಡೆಯುತ್ತಿರಲಿಲ್ಲ.

ಬೆಳಿಗ್ಗೆ ಐದೂವರೆಗೆ ಬಚ್ಚಲಲ್ಲಿ ತಂಬಿಗೆ ಉರುಳಿದ ಸದ್ದಾಗಿತ್ತು. ಒಳಗಿನಿಂದ ಚಿಲಕ. ಮಗ ರಂಗನಾಥ ಊರಿಗೆ ನೀರು ಬಿಡುವ ಪಂಚಾಯ್ತಿ ವಾಟರ್‌ಮನ್. ಆ ಹೊತ್ತಿಗೆ ಟ್ಯಾಂಕಿನ ಹತ್ತಿರ ವಾಲ್ವು ತಿರುಗಿಸುತ್ತಿದ್ದ. ಅವನು ಓಡಿ ಬಂದು ಬಾಗಿಲು ಒಡೆಯುವಷ್ಟರಲ್ಲಿ ಫಿಟ್ಸು ಬಂದು ನಿಂತಿತ್ತು, ಬಚ್ಚಲ ಕಲ್ಲಿಗೆ ತಲೆ ಬಡಿದಿತ್ತು. ಸಿರಾ ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ ತಲೆ ಅಲ್ಲಾಡಿಸಿದರು. ನಲವತ್ಮೂರು ವರ್ಷ. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಬಂದವರೆಲ್ಲ ಹನುಮಕ್ಕನಿಗೆ ಹೇಳಿ ಹೋಗುತ್ತಿದ್ದರು. ವಿಧವೆಯಾಗಿ ಇಪ್ಪತ್ತೆರಡು ವರ್ಷ ಬದುಕಿದ್ದ ಹನುಮಕ್ಕ ಪ್ರತಿ ಸಲವೂ ಸೊಸೆಯ ಹಣೆಯ ಕೂದಲು ಸರಿಸುತ್ತಿದ್ದಳು.

ತುಮಕೂರಿನ ಹಾಸ್ಟೆಲ್ಲಿನಿಂದ ಮೊದಲ ಬಸ್ಸಿಗೆ ಬಂದಿದ್ದ ಮೊಮ್ಮಗಳು ಹರ್ಷಿತಾ ಎದ್ದು, ಹೊಲಿಗೆ ಮಿಷನ್ನಿನ ಮೇಲಿನ ಹಲಗೆಯಿಂದ ಒಂದು ದಪ್ಪ ಪುಸ್ತಕ ತಂದು ಮೇಷ್ಟ್ರ ಕೈಗೆ ಕೊಟ್ಟಳು. “ಹಿಂದಿನ ಹಾಳೆ ಖಾಲಿ ಅವೆ ತಾತ.”

ಕೊಟ್ಟಿದ್ದನ್ನು ಹಿಂದಿನಿಂದ ತೆರೆದಿದ್ದರೆ ಆ ದಿನ ಬೇರೆ ಥರ ಮುಗಿಯುತ್ತಿತ್ತೇನೋ. ಆದರೆ ಮೇಷ್ಟ್ರು ಯಾವ ಪುಸ್ತಕವನ್ನೂ ಹಿಂದಿನಿಂದ ತೆರೆದವರಲ್ಲ. ಒಂದೊಂದೇ ಹಾಳೆ ಮಗುಚುತ್ತಾ ಈ ತಿಂಗಳಿಗೆ ಬಂದರು. ಅಲ್ಲಿ ಎರಡು ಸಾಲು ಚೌಕಗಳಿದ್ದವು. ಮೇಲಿನ ಸಾಲಿನ ಮುಂದೆ ಒಂದು ಮಾತ್ರೆಯ ಚಿತ್ರ. ಒಂದರಿಂದ ಹದಿನೇಳನೇ ತಾರೀಖಿನವರೆಗೆ ಪ್ರತಿ ಚೌಕದಲ್ಲೂ ಇಂಟು ಗುರುತು. ಹಿಂದಿನ ತಿಂಗಳು ನೋಡಿದರು, ಇಂಟು. ಅದರ ಹಿಂದಿನದೂ ಇಂಟು.

ಅಷ್ಟು ಹೊತ್ತಿಗೆ ಲೋಹಿತಾಳ ತಮ್ಮ ತಿಪ್ಪೇಶ್ ಪಾವಗಡದ ಕಡೆಯಿಂದ, ಕ್ಯಾತಗಾನಚೆರ್ಲಿನಿಂದ ಬಂದಿಳಿದಿದ್ದ. ಅಕ್ಕನ ಕಾಲು ಮುಟ್ಟಿ ಹೊರಗೆ ಬಂದವನೇ ಭಾವ ರಂಗನಾಥನ ಎದುರು ನಿಂತು, ತಲೆ ಸ್ಕ್ಯಾನಿಂಗ್ ಮಾಡಿಸಿ ಅಂತ ಡಾಕ್ಟರು ಹೇಳಿ ಎಷ್ಟು ದಿನವಾಯಿತು ಎಂದು ಕೇಳಿದ. ರಂಗನಾಥ, ಎರಡು ಸಲ ಹೊರಟಿದ್ದೆವು, ಆಗಲಿಲ್ಲ ಎಂದ. ಒಂದು ಸಾವಿರಕ್ಕೋ ಎರಡು ಸಾವಿರಕ್ಕೋ ಹಿಂದೆ ಮುಂದೆ ನೋಡಿ ನಮ್ಮಕ್ಕನ್ನ ತಿಂದುಕೊಂಡಿರಿ ಎಂದು ತಿಪ್ಪೇಶ್ ಹೇಳಿದಾಗ ಜಗಲಿಯ ಮೇಲಿದ್ದವರೆಲ್ಲ ನೆಲ ನೋಡಿದರು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ನೋಡಪ್ಪ ತಿಪ್ಪೇಶ, ಹೆಣ ಮುಂದಿಟ್ಕೊಂಡು ಮಾತು ಬೆಳೆಸಬಾರದು. ಆದರೆ ನೀನು ಕೇಳಿದೆ ಅಂತ ಹೇಳ್ತೀನಿ. ಫಿಟ್ಸ್ ಬರಬಾರದು ಅಂತಲೇ ಡಾಕ್ಟ್ರು ಮಾತ್ರೆ ಕೊಟ್ಟಿದ್ರು. ನಿಮ್ಮಕ್ಕ ಮಾತ್ರೆ ನುಂಗಿಲ್ಲ. ಅವಳ ಕೈಬರಹದಲ್ಲೇ ಇದೆ. ದಿನಾ ನುಂಗಿಲ್ಲ, ದಿನಾ ಇಂಟು ಹಾಕಿದಾಳೆ.”

“ಲೇದು ಸಾ,” ಎಂದ ತಿಪ್ಪೇಶ್. ಕೋಪ ಬಂದರೆ ಅವನಿಗೆ ತೆಲುಗೇ ಮೊದಲು ಬರುತ್ತಿತ್ತು. “ನಮ್ಮಕ್ಕ ಅಂಥವಳಲ್ಲ.”

ಮೇಷ್ಟ್ರು ಪುಸ್ತಕ ಅವನ ಕೈಗಿಟ್ಟರು. ಅವನು ಹಾಳೆ ತಿರುಗಿಸಿದ, ಇನ್ನೊಂದು ತಿರುಗಿಸಿದ. ಅವನ ಭುಜ ಇಳಿಯಿತು. ಪುಸ್ತಕವನ್ನು ಭಾವನಿಗೆ ಕೊಟ್ಟು ಬೇಲಿಯ ಕಡೆಗೆ ಹೋಗಿ ನಿಂತುಬಿಟ್ಟ. ರಂಗನಾಥನೂ ನೋಡಿದ. ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಅವನು ಆಗ ಬಿಟ್ಟದ್ದು, ಹೊಸ್ತಿಲ ಒಳಗಿದ್ದ ಹನುಮಕ್ಕನಿಗೂ ಕೇಳಿಸಿತು. ಮಗನ ಮುಖದಲ್ಲಿ ದುಃಖದ ಜೊತೆಗೆ ಇನ್ನೇನೋ ಬಂದು ಕೂತಿತ್ತು. ತಪ್ಪು ನಂದಲ್ಲ ಎಂದು ಗೊತ್ತಾದವನ ಮುಖ ಅದು.

ಇಂಟು ಅಂದರೆ ಅದಲ್ಲ ಎಂದು ಹೇಳಲು ಹನುಮಕ್ಕ ಬಾಯಿ ತೆರೆದಳು. ಮಗನ ಮುಖ ನೋಡಿ ಮುಚ್ಚಿಕೊಂಡಳು.

*

ಆ ಪುಸ್ತಕದ ಹುಚ್ಚು ಮೊದಲು ಹರ್ಷಿತಾಳದು. ಪಿಯುಸಿಯಲ್ಲಿದ್ದಾಗ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ, ಹಟ ಮಾಡಿ ತರಿಸಿಕೊಂಡಿದ್ದಳು. ಹಾಳೆಯಲ್ಲಿ ಗೆರೆ ಇಲ್ಲ, ಬರೀ ಚುಕ್ಕಿ. ದಿನದ ಕೆಲಸವನ್ನೆಲ್ಲ ಅದರಲ್ಲಿ ಬರೆದು, ಚಿತ್ರ ಬಿಡಿಸಿ ಬಣ್ಣ ಹಚ್ಚಿ, ಮಾಡಿ ಮುಗಿಸಿದ್ದಕ್ಕೆ ರೈಟು ಹಾಕುವುದು. ಇದಕ್ಕೆ ಬುಲೆಟ್ ಜರ್ನಲ್ ಅಂತಾರೆ ಎಂದಳು. ಬುಲೆಟ್ಟು ಅಂದರೆ ಗಾಡಿ ಅಲ್ಲವೇನೇ ಎಂದು ಹನುಮಕ್ಕ ಕೇಳಿದ್ದಕ್ಕೆ ತಾಯಿ ಮಗಳು ಒಂದು ವಾರ ನಕ್ಕಿದ್ದರು. ಹನ್ನೊಂದು ಪುಟ ತುಂಬಿಸಿ, ಹನ್ನೊಂದು ಬಣ್ಣದ ಪೆನ್ನು ಒಣಗಿಸಿ, ಹರ್ಷಿತಾ ಬಿ.ಕಾಂ. ಓದಲು ತುಮಕೂರಿಗೆ ಹೋದಳು. ಪುಸ್ತಕ ಮನೆಯಲ್ಲೇ ಉಳಿಯಿತು.

ಅಷ್ಟು ದುಡ್ಡು ಕೊಟ್ಟ ಪುಸ್ತಕ ದಂಡವಾಗುತ್ತಲ್ಲ ಎಂದು ಲೋಹಿತಾ ಅದರಲ್ಲಿ ಗಿರಾಕಿಗಳ ಅಳತೆ ಬರೆಯಲು ಶುರುಮಾಡಿದಳು. ಅಳತೆಯ ಪಕ್ಕ ರವಿಕೆಯ ಚಿತ್ರ ಬಿಡಿಸಿದಳು. ತಿಂಗಳ ಮೊದಲ ಪುಟಕ್ಕೆ ಒಂದು ಹುಣಸೆ ಕೊಂಬೆ, ಮುಂದಿನ ತಿಂಗಳಿಗೆ ಬೇರು ಸಮೇತ ಕಡಲೆಕಾಯಿ ಗಿಡ, ಅದರ ಮುಂದಿನದಕ್ಕೆ ಮಧುಗಿರಿಯ ಬೆಟ್ಟ. ದೀಪ ಹಚ್ಚಿದ ಮೇಲೆ ಒಂದು ಗಂಟೆ ಅವಳು ಯಾರು ಕರೆದರೂ ಓ ಅನ್ನುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಈ ಮನೆಯಲ್ಲಿ ಎಲ್ಲರ ಕೂಗಿಗೂ ಎದ್ದು ಬಂದವಳು ಆ ಒಂದು ಗಂಟೆ ಮಾತ್ರ ಕಿವುಡಿಯಾಗುತ್ತಿದ್ದಳು. ಮೊದಮೊದಲು ಹನುಮಕ್ಕನಿಗೆ ಸಿಟ್ಟು ಬರುತ್ತಿತ್ತು.

ಪುಸ್ತಕ ತುಂಬಿದ ಮೇಲೆ ಹೊಸದು ಕೊಳ್ಳಲು ಲೋಹಿತಾಳಿಗೆ ಮನಸ್ಸಾಗಲಿಲ್ಲ. ಸಿರಾದಿಂದ ಗೆರೆಯಿಲ್ಲದ ದಪ್ಪ ಪುಸ್ತಕ ತಂದಳು. ಕಡಲೆಬೀಜದ ಹಳೆ ಜರಡಿಯ ತೂತಿನ ತಗಡನ್ನು ಕತ್ತರಿಸಿ ಹಾಳೆಯ ಮೇಲಿಟ್ಟು, ಪ್ರತಿ ತೂತಿಗೂ ಪೆನ್ನಿನ ಮೊನೆ ತಾಗಿಸಿದಳು. ತಗಡು ಎತ್ತಿದರೆ ಸಾಲು ಸಾಲು ಚುಕ್ಕಿ. ಹಾಳೆಗೆ ಒಂದು ಸಾವಿರ ಚಿಲ್ಲರೆ. ಆ ಕೆಲಸ ಬರಬರುತ್ತಾ ಹನುಮಕ್ಕನ ಪಾಲಿಗೆ ಬಂತು. ರಂಗೋಲಿಗೆ ಚುಕ್ಕಿ ಇಟ್ಟು ಪಳಗಿದ ಕೈ. ಎಪ್ಪತ್ತೈದು ವರ್ಷಕ್ಕೆ ಮೊದಲ ಸಲ ಪೆನ್ನು ಹಿಡಿದು ಮಧ್ಯಾಹ್ನವೆಲ್ಲ ಚುಕ್ಕಿ ಇಡುತ್ತಿದ್ದಳು.

ಚುಕ್ಕಿ ಇಟ್ಟವಳಿಗೆ ಪುಸ್ತಕ ಓದಲು ಬರಬೇಡವೇ? ಲೋಹಿತಾ ಅತ್ತೆಗಾಗಿ ಅಕ್ಷರ ಕಡಿಮೆ ಮಾಡಿ ಚಿತ್ರ ಹೆಚ್ಚು ಮಾಡಿದಳು. ಕಣ್ಣಿನ ಚಿತ್ರವೆಂದರೆ ಹನುಮಕ್ಕನ ಡ್ರಾಪ್ಸು. ನಲ್ಲಿಯೆಂದರೆ ರಂಗನಾಥ. ಟ್ರಂಕೆಂದರೆ ಹರ್ಷಿತಾ. ಒಂದು ಕಟ್ಟಡದ ಮೇಲೆ ಕೂಡುವ ಗುರುತಿದ್ದರೆ ಆಸ್ಪತ್ರೆ. ಮಾಡಬೇಕಾದ ಕೆಲಸದ ಮುಂದೆ ಒಂದು ಚುಕ್ಕಿ. ಮಾಡಿ ಮುಗಿಸಿದ್ದಕ್ಕೆ ಏನು ಗುರುತು ಎಂಬ ಮಾತು ಬಂದಾಗ ಹರ್ಷಿ ರೈಟು ಹಾಕ್ತಾಳೆ ಎಂದಳು ಲೋಹಿತಾ.

“ರೈಟು ನಂಗೆ ಬರಾಕಿಲ್ಲ, ಕುಡುಗೋಲು ಆಯ್ತದೆ. ಇಂಟು ಹಾಕು. ನಮ್ಮಪ್ಪ ಕಣದಾಗೆ ಮೂಟೆ ಎಣಿಸ್ವಾಗ ಗ್ವಾಡೆ ಮ್ಯಾಲೆ ಇದ್ಲಲ್ಲಿ ಗೀಟು ಎಳೆಯಾದು, ಗಾಡಿಗೆ ಏರಿದ ಮೂಟೆಗೆ ಇಂಟು ಹಾಕಾದು. ಇಂಟು ಬಿತ್ತು ಅಂದ್ರೆ ಆಯ್ತು ಅಂತ.”

“ಇಸ್ಕೂಲಲ್ಲಿ ಇಂಟು ಅಂದ್ರೆ ತಪ್ಪು ಕಣತ್ತೆ.”

“ನಾನ್ಯಾವಾಗ ಇಸ್ಕೂಲಿಗೋಗಿದ್ದೆ?”

ಲೋಹಿತಾ ನಕ್ಕು ಒಪ್ಪಿಕೊಂಡಳು. ಹಾಗೆ ಆ ಮನೆಯ ಪುಸ್ತಕದಲ್ಲಿ ಇಂಟು ಎಂದರೆ ಆಯಿತು ಎಂದಾಯಿತು. ಬಾಣ ಎಂದರೆ ಆಗಲಿಲ್ಲ, ಮುಂದಕ್ಕೆ. ಅಡ್ಡ ಗೀಟು ಎಂದರೆ ಇನ್ನು ಬೇಡ. ಇನ್ನೊಂದು ಗುರುತಿತ್ತು, ಅದು ಅವರಿಬ್ಬರ ನಡುವಿನದು. ಹನುಮಕ್ಕನಿಗೆ ಸಕ್ಕರೆ ಕಾಯಿಲೆ. ಕದ್ದು ಬೆಲ್ಲ ತಿಂದು ತಿಂದಿಲ್ಲ ಎನ್ನುವಳು. ಆ ದಿನದ ಪುಟದಲ್ಲಿ ಲೋಹಿತಾ ಒಂದು ಗುಂಡು ಮುಖ ಬರೆದು, ಅದರ ಒಂದು ಕಣ್ಣು ಮುಚ್ಚಿಸಿಬಿಡುವಳು. ಬೈಗುಳವಿಲ್ಲ, ಮಾತಿಲ್ಲ. ಸುಳ್ಳು ನನಗೆ ಗೊತ್ತು ಎಂದು ಅದರ ಅರ್ಥ.

ಮಾತ್ರೆ ಮತ್ತು ಡ್ರಾಪ್ಸಿನ ಸಾಲಿಗೆ ಮಾತ್ರ ಒಂದು ಕರಾರಿತ್ತು. ಅವರವರದಕ್ಕೆ ಅವರವರೇ ಇಂಟು ಹಾಕುವಂತಿಲ್ಲ. ದೀಪ ಹಚ್ಚಿದ ಮೇಲೆ ಲೋಹಿತಾ ಅತ್ತೆಯ ಕಣ್ಣಿಗೆ ಒಂದು ತೊಟ್ಟು ಬಿಟ್ಟು ಕಣ್ಣಿನ ಸಾಲಿಗೆ ಇಂಟು ಹಾಕುವಳು. ಆಮೇಲೆ ತಾನು ಮಾತ್ರೆ ನುಂಗಿ, ಮಗುವಿನ ಹಾಗೆ ಬಾಯಿ ತೆರೆದು ತೋರಿಸಿ, ಪೆನ್ನನ್ನು ಅತ್ತೆಯ ಕೈಗೆ ಕೊಡುವಳು.

*

ಮೂರು ಗಂಟೆಗೆ ಜೆಸಿಬಿಯವನು ಹೊಲದ ಬದುವಿನ ಹುಣಸೆ ಮರದ ಕೆಳಗೆ ಗುಂಡಿ ತೆಗೆದು ಮುಗಿಸಿದ. ಹೊಸ ಸೀರೆ ಉಡಿಸಿ, ಕೈತುಂಬ ಬಳೆ ತೊಡಿಸಿ, ಹಣೆಗೆ ಕಾಸಗಲ ಕುಂಕುಮ ಇಟ್ಟರು. ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ. ಸತ್ತವರು ಕೈಯಲ್ಲಿ ಹಿಡಿದಿದ್ದ ಸಾಮಾನನ್ನೂ ಜೊತೆಗೆ ಕಳಿಸುವುದು ಆ ಮನೆಯ ಪದ್ಧತಿ. ಹನುಮಕ್ಕನ ಗಂಡನ ಜೊತೆ ಅವನ ಎಲೆಯಡಿಕೆ ಚೀಲ ಹೋಗಿತ್ತು. ಲೋಹಿತಾಳ ಕತ್ತರಿ ಇಡೋಣವೆಂದು ಹರ್ಷಿತಾ ತಂದಳು. ಕಬ್ಬಿಣ ಬೇಡ ಎಂದು ಯಾರೋ ಹೇಳಿದರು. ಆಗ ಮೇಷ್ಟ್ರು ರಂಗನಾಥನನ್ನು ಪಕ್ಕಕ್ಕೆ ಕರೆದು, ಆ ಪುಸ್ತಕವನ್ನೇ ಇಟ್ಟುಬಿಡು ಎಂದರು. ಮನೆಯಲ್ಲಿದ್ದರೆ ನಾಳೆ ಯಾರಾದರೂ ನೋಡುತ್ತಾರೆ, ಬೇಕೆಂದೇ ಮಾತ್ರೆ ಬಿಟ್ಟು ಸತ್ತಳು ಅನ್ನುತ್ತಾರೆ, ಬೆಳೆದ ಹುಡುಗಿ ಇರುವ ಮನೆ. ಅವಳ ತಪ್ಪು ಅವಳ ಜೊತೆ ಹೋಗಲಿ.

ಕೆಟ್ಟದ್ದು ಬಯಸಿ ಅವರು ಹೇಳಲಿಲ್ಲ. ಚಿಕ್ಕನರಸಯ್ಯ ಕೆಟ್ಟವನಲ್ಲ ಎಂದು ಹನುಮಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೆಗಲ ಮೇಲೆ ಹೊತ್ತು ಬೆಳೆಸಿದ ತಮ್ಮ.

ಚಟ್ಟದ ಹಿಂದೆ ಹೆಂಗಸರ ಗುಂಪಿನಲ್ಲಿ ನಡೆಯುವಾಗ ಅವಳು ನೆಲವನ್ನೇ ನೋಡುತ್ತಿದ್ದಳು. ಕಿತ್ತ ಕಡಲೆ ಹೊಲದಲ್ಲಿ ಒಣಗಿದ ಬಳ್ಳಿ ಕಾಲಿಗೆ ಸಿಕ್ಕುತ್ತಿತ್ತು. ಒಂದೊಂದು ಬಳ್ಳಿಯೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ಕಾಣುತ್ತಿತ್ತು. ಮುಂದೆ ಇಬ್ಬರು ಹೆಂಗಸರು ಮಾತಾಡಿಕೊಂಡು ಹೋಗುತ್ತಿದ್ದರು. ಮಾತ್ರೆ ನುಂಗದೆ ಸತ್ತಳಂತೆ, ಗಂಡನ ಮೇಲೆ ಏನು ಹಟವೋ ಎಂದಳು ಒಬ್ಬಳು. ಬೆಳಗ್ಗೆ ಜಗಲಿಯ ಮೇಲೆ ಆಡಿದ ಮಾತು ಇಷ್ಟರಲ್ಲೇ ಕೇರಿ ದಾಟಿ ಬಂದಿತ್ತು. ಪುಸ್ತಕವನ್ನೇನೋ ಹೂಳಬಹುದು.

*

ಹೋದ ತಿಂಗಳ ಒಂದು ಮಂಗಳವಾರ. ಸ್ಕ್ಯಾನಿಂಗ್‌ಗೆ ಎಲ್ಲ ಏರ್ಪಾಡಾಗಿತ್ತು. ತಿಪ್ಪೇಶ್ ಪಾವಗಡದಿಂದ ತುಮಕೂರಿನ ಬಸ್‌ಸ್ಟ್ಯಾಂಡಿಗೆ ಬಂದು ಕಾಯುವುದು, ಆಸ್ಪತ್ರೆ ಮುಗಿಸಿ ಹಾಗೇ ಕೊರಟಗೆರೆ, ಮಧುಗಿರಿ ಮೇಲೆ ಅಕ್ಕನನ್ನು ತವರಿಗೆ ಕರೆದುಕೊಂಡು ಹೋಗುವುದು, ಒಂದು ವಾರ ಇಟ್ಟುಕೊಂಡು ಕಳಿಸುವುದು. ಲೋಹಿತಾ ನಾಲ್ಕು ಗಂಟೆಗೇ ಎದ್ದು ಒಂದು ವಾರಕ್ಕಾಗುವಷ್ಟು ಚಟ್ನಿಪುಡಿ ಮಾಡಿ, ತಲೆ ಬಾಚಿ ಬ್ಯಾಗು ಹಿಡಿದು ನಿಂತಿದ್ದಳು. ಬೆನ್ನ ಮೇಲೆ ಒದ್ದೆ ಕೂದಲು.

ಒಂದು ವಾರ. ಹನುಮಕ್ಕ ಅದನ್ನೇ ಮೂರು ದಿನದಿಂದ ಯೋಚಿಸಿದ್ದಳು. ಮಗ ಬೆಳಿಗ್ಗೆ ಸಂಜೆ ವಾಲ್ವಿನ ಹಿಂದೆ. ಕಣ್ಣಿಗೆ ತೊಟ್ಟು ಬಿಡುವವರಿಲ್ಲ. ಮಾತಿಗೆ ಜನವಿಲ್ಲ. ತವರಿಗೆ ಹೋದವಳನ್ನು ತಮ್ಮ ಒಂದು ವಾರಕ್ಕೇ ಬಿಟ್ಟಾನೆ ಎಂದು ಏನು ನಂಬಿಕೆ? ಹಾಸಿಗೆಯಿಂದ ಏಳದೆ ಹೊಟ್ಟೆ ಹಿಡಿದುಕೊಂಡು ಮಗ್ಗುಲಾದಳು.

“ಏನಾತತ್ತೆ?”

“ಹೊಟ್ಟೆ ನುಲೀತೈತೆ ಕಣಮ್ಮ. ನೀನೋಗು, ನಿನ್ ಬಸ್ ತಪ್ಪೋಗ್ತದೆ. ನಾನೆಂಗೋ ಇರ್ತೀನಿ.”

ಲೋಹಿತಾ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಬಸ್ಸಿನ ಹಾರನ್ನು ಗೌಡಗೆರೆ ರಸ್ತೆಯ ತಿರುವಿನಲ್ಲಿ ಕೇಳಿಸಿತು. ಆಮೇಲೆ ಅವಳು ಬ್ಯಾಗು ಕೆಳಗಿಟ್ಟು, ಓಮಿನ ನೀರು ಕಾಯಿಸಲು ಒಳಗೆ ಹೋದಳು. ಸಂಜೆ ಪುಸ್ತಕ ತೆರೆದು ಆಸ್ಪತ್ರೆಯ ಚಿತ್ರದ ಮುಂದಿನ ಚುಕ್ಕಿಗೆ ಬಾಣ ಹಾಕಿದಳು. ಮುಂದಿನ ತಿಂಗಳು ಹೋದರಾಯಿತು ಎಂದಳು. ಬಾಣದ ಪಕ್ಕ ಇನ್ನೂ ಏನೋ ಬರೆಯುತ್ತಿದ್ದಳು. ಹನುಮಕ್ಕ ಆ ಕಡೆ ನೋಡಲಿಲ್ಲ.

*

ಗುಂಡಿಗೆ ಇಳಿದು ಅಕ್ಕನನ್ನು ಮಲಗಿಸಿದ್ದು ತಿಪ್ಪೇಶನೇ. ಅವನಿನ್ನೂ ಮೇಲೆ ಬಂದಿರಲಿಲ್ಲ. ರಂಗನಾಥ ಪುಸ್ತಕವನ್ನು ಕೆಳಗೆ ಕೊಟ್ಟ. ತಿಪ್ಪೇಶ್ ಅದನ್ನು ಅವಳ ಬಲಗೈ ಪಕ್ಕ ಇಟ್ಟ. ಮೂರು ಮೂರು ಹಿಡಿ ಮಣ್ಣು ಹಾಕಿ ಎಂದು ಮೇಷ್ಟ್ರು ಹೇಳಿದರು. ಮೊದಲು ಮನೆಯ ಹಿರಿಯಳಾದ ಹನುಮಕ್ಕ.

ಹನುಮಕ್ಕ ಬಗ್ಗಿ ಮಣ್ಣು ಹಿಡಿದಳು. ಹಾಕಲಿಲ್ಲ.

“ತಿಪ್ಪೇಶ, ಆ ಪುಸ್ತಕ ಎತ್ಕೊಡಪ್ಪ.”

ಗುಂಡಿಗೆ ಹಾಕಿದ್ದನ್ನು ತೆಗೆಯಬಾರದು, ಕೆಟ್ಟದ್ದು ಎಂದು ನಾಲ್ಕು ಬಾಯಿ ಒಟ್ಟಿಗೆ ಹೇಳಿದವು. ಮೇಷ್ಟ್ರು ಹತ್ತಿರ ಬಂದು ತೋಳು ಹಿಡಿದರು. ಅವಳು ಬಿಡಿಸಿಕೊಂಡಳು. “ಎತ್ಕೊಡು. ಇಂಟು ಅಂದ್ರೆ ನುಂಗಿಲ್ಲ ಅಂತಲ್ಲ. ನುಂಗವ್ಳೆ ಅಂತ. ಆ ಇಂಟು ಹಾಕಿರಾದು ನಾನು, ನನ್ ಕೈಯ್ಯಾಗೆ.”

“ಅಕ್ಕಯ್ಯ, ನಿಂಗೆ ಅಕ್ಷರ ಬರಲ್ಲ, ಸುಮ್ನಿರು. ಮೂವತ್ನಾಲ್ಕು ವರ್ಷ ಮಕ್ಕಳ ಪುಸ್ತಕ ತಿದ್ದಿದೀನಿ. ಇಂಟು ಅಂದ್ರೆ ಏನು ಅಂತ ನಂಗೆ ಹೇಳ್ಕೊಡ್ತೀಯಾ?”

ಪುಸ್ತಕ ಮೇಲೆ ಬಂದಿತ್ತು. ಹನುಮಕ್ಕ ಅದನ್ನು ಎಡಗೈಯಲ್ಲಿ ತಮ್ಮನ ಕಣ್ಣ ಮುಂದೆ ಹಿಡಿದಳು. “ಮೇಲ್ನ ಸಾಲು ಅವಳ ಮಾತ್ರೆ. ಕೆಳಗ್ಲ ಸಾಲು ನೋಡು, ಕಣ್ಣು ಬರ್ದವ್ಳೆ. ಅದು ನನ್ನ ಡ್ರಾಪ್ಸು. ಅಲ್ಲೂ ಇಂಟೇ ಐತಲ್ಲ? ಒಂದಿನ ಬಿಟ್ರೂ ಕಣ್ಣು ಹೋಗ್ತದೆ ಅಂತ ಡಾಕ್ಟ್ರು ಹೇಳಿದ್ದು ನಿನ್ ಮುಂದೇನೆ. ಇಷ್ಟು ದಿನ ಬಿಟ್ಟಿದ್ರೆ ನಿನ್ನ ಜೇಬಿನ ಕೆಂಪು ಪೆನ್ನು ನಂಗೆಂಗ್ಲಾ ಕಾಣ್ತಿತ್ತು?”

ಮೇಷ್ಟ್ರು ಎರಡು ಸಾಲನ್ನೂ ನೋಡಿದರು. ಮೇಲಿನ ಸಾಲಿನ ಇಂಟುಗಳು ನಡುಗಿದ್ದವು, ಚೌಕದಿಂದ ಹೊರಗೆ ಚಾಚಿದ್ದವು. ಕೆಳಗಿನವು ನೆಟ್ಟಗಿದ್ದವು. ಎರಡು ಕೈ. ಪುಸ್ತಕ ತಿದ್ದಿದವರಿಗೆ ಅಷ್ಟು ತಿಳಿಯದೆ ಇರುವುದಿಲ್ಲ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದರು, ಒರೆಸುತ್ತಲೇ ಇದ್ದರು.

ತಿಪ್ಪೇಶ್ ಗುಂಡಿಯ ಒಳಗೇ ಕುಕ್ಕರಿಸಿದ. ಅಕ್ಕನ ಪಾದ ಹಿಡಿದುಕೊಂಡು, “ನುಂಗವ್ಳೆ ಬಾವ, ನಮ್ಮಕ್ಕ ನುಂಗವ್ಳೆ,” ಎಂದು ಎರಡು ಮೂರು ಸಲ ಹೇಳಿದ.

ಇಷ್ಟಕ್ಕೇ ನಿಲ್ಲಿಸಿದ್ದರೆ ಹನುಮಕ್ಕನಿಗೆ ಏನೂ ಆಗುತ್ತಿರಲಿಲ್ಲ. ಸೊಸೆಯ ಹೆಸರು ಉಳಿಸಿದ ಅತ್ತೆ ಎಂದು ಊರು ಹೊಗಳುತ್ತಿತ್ತು. ಆದರೆ ಹರ್ಷಿತಾ ಪುಸ್ತಕ ಕೈಗೆ ತೆಗೆದುಕೊಂಡು ಹಿಂದಕ್ಕೆ ಹಿಂದಕ್ಕೆ ಮಗುಚುತ್ತಿದ್ದಳು. ಪ್ರತಿ ತಿಂಗಳ ಕೊನೆಯ ಸಾಲಿನಲ್ಲೂ ಒಂದೇ ಕಟ್ಟಡ, ಮೇಲೊಂದು ಕೂಡುವ ಗುರುತು.

“ಅಜ್ಜಿ, ಇದು ಆಸ್ಪತ್ರೆ ತಾನೆ? ಬಾಣ ಅಂದ್ರೆ?”

ಗೊತ್ತಿಲ್ಲ ಎನ್ನಬಹುದಿತ್ತು. ಹೋಗಿ ಬಂದಳು ಎಂದಿದ್ದರೆ ಸುಳ್ಳೆಂದು ರಂಗನಾಥನಿಗೆ ಗೊತ್ತಾಗುತ್ತಿತ್ತು, ಗೊತ್ತಿಲ್ಲ ಎಂದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

“ಆಗ್ಲಿಲ್ಲ, ಮುಂದುಕ್ಕೆ ಅಂತ,” ಎಂದಳು.

ಹರ್ಷಿತಾ ಎಣಿಸಿದಳು. ಹನ್ನೊಂದು. ರಂಗನಾಥ ತಲೆಯೆತ್ತಿ, ಎರಡು ಸಲ ಅಷ್ಟೇ ಎಂದ. ಅವನು ಸುಳ್ಳು ಹೇಳಲಿಲ್ಲ. ಅವನಿಂದಾಗಿ ತಪ್ಪಿದ್ದು ಅಷ್ಟೇ ಅವನ ನೆನಪಿನಲ್ಲಿತ್ತು. ಒಬ್ಬೊಬ್ಬರಿಗೂ ಅವರವರದು ಮಾತ್ರ ನೆನಪಿತ್ತು. ಎಲ್ಲವನ್ನೂ ಒಟ್ಟಿಗಿಟ್ಟವಳು ಲೋಹಿತಾ ಒಬ್ಬಳೇ. ಪ್ರತಿ ಬಾಣದ ಪಕ್ಕದಲ್ಲೂ ಅಡ್ಡ ಬಂದದ್ದರ ಚಿತ್ರ ಬರೆದಿದ್ದಳು.

ಹನುಮಕ್ಕ ಎಡಗೈ ಬೆರಳಿಟ್ಟು ಓದಿದಳು. ಅಕ್ಷರ ಬಾರದವಳು ಊರಿನ ಮುಂದೆ ಪುಸ್ತಕ ಓದಿದ್ದು ಅದೊಂದೇ ಸಲ. ಮೊದಲ ತಿಂಗಳು ಕಡಲೆಕಾಯಿ, ಕೀಳಲು ಆಳು ಸಿಕ್ಕಿರಲಿಲ್ಲ. ಆಮೇಲೆ ಹೊಲದ ಬೋರಿನ ಮೋಟಾರು ಸುಟ್ಟದ್ದು. ಆಮೇಲೆ ರವಿಕೆಗಳು: ತಿಪ್ಪೇಶನ ಮಗಳ ನಾಮಕರಣಕ್ಕೆ ಅವನ ಮನೆಯ ಹೆಂಗಸರಿಗೆಲ್ಲ ಹದಿನಾಲ್ಕು ರವಿಕೆ ಹೊಲಿದು ಕೊಟ್ಟಿದ್ದಳು. ಆಮೇಲೆ ಹರ್ಷಿತಾಳ ಟ್ರಂಕು. ಹಾಸ್ಟೆಲ್ಲು ಬದಲಿಸಲು ಬಾ ಎಂದು ಅವಳೇ ಕರೆದಿದ್ದಳು. ಬೇಸಿಗೆಯ ಎರಡು ತಿಂಗಳು ನಲ್ಲಿ. ಮುಂದಿನ ಮೂರು ತಿಂಗಳು ಕಣ್ಣು, ಹನುಮಕ್ಕನ ಆಪರೇಷನ್ನು. ಅದರ ಮುಂದಿನದು ತೋರಣ ಕಟ್ಟಿದ ಮನೆ. ಮಧುಗಿರಿಯಲ್ಲಿ ಮೇಷ್ಟ್ರ ಮಗನ ಗೃಹಪ್ರವೇಶಕ್ಕೆ ಮೂರು ದಿನ ಮುಂಚೆ ಹೋಗಿ ಅಡುಗೆಗೆ ನಿಂತಿದ್ದಳು. ಜೆಸಿಬಿಯವನು ದೂರದಲ್ಲಿ ಇಂಜಿನ್ನು ಆರಿಸಿದ.

ಕೊನೆಯದು ಹೋದ ತಿಂಗಳಿನದು. ಬೆರಳು ಅಲ್ಲಿಗೆ ಬಂದು ನಿಂತಿತು. ಬಾಣದ ಪಕ್ಕ ಮಡಕೆಯಂಥ ಒಂದು ಹೊಟ್ಟೆ. ಹೊಟ್ಟೆಗೊಂದು ಮುಖ. ಮುಖದ ಒಂದು ಕಣ್ಣು ಮುಚ್ಚಿತ್ತು.

ಅದರ ಅರ್ಥ ಬಲ್ಲವರು ಇಬ್ಬರೇ. ಒಬ್ಬಳು ಗುಂಡಿಯಲ್ಲಿದ್ದಳು.

“ಇದು ನನ್ನ ಹೊಟ್ಟೆನೋವು,” ಎಂದಳು ಹನುಮಕ್ಕ. “ಹೊಟ್ಟೆನೋವು ಇರ್ಲಿಲ್ಲ ನಂಗೆ. ತವರಿಗೋದ್ರೆ ಒಂದು ವಾರ ಬರಾಕಿಲ್ಲ ಅಂತ ಸುಳ್ಳೇಳಿದ್ದೆ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಉಳ್ಕಂಡವ್ಳೆ. ಇಲ್ಲಿ ಬರ್ದು ಮಡಗವ್ಳೆ.”

ತಿಪ್ಪೇಶ್ ಗುಂಡಿಯಿಂದ ಮೇಲೆ ಹತ್ತಿ ಬಂದ. ಕೂಗಾಡುತ್ತಾನೆ, ಮೈಮೇಲೆ ಏರಿ ಬರುತ್ತಾನೆ ಎಂದುಕೊಂಡು ಇಬ್ಬರು ಅಡ್ಡ ನಿಂತರು. ಅವನು ಕೈಯ ಮಣ್ಣು ಕೊಡವಿಕೊಂಡ.

“ಎರಡು ಗಂಟೆ ತನಕ ಬಸ್‌ಸ್ಟ್ಯಾಂಡಲ್ಲಿ ನಿಂತಿದ್ದೆ ಕಣಮ್ಮ,” ಎಂದ. “ಸಾಯಂಕಾಲ ಫೋನ್ ಮಾಡಿ, ಅತ್ತೆ ಹೊಟ್ಟೆನೋವು ಹೆಂಗೈತೆ ಅಂತ ಕೇಳಿದ್ದೆ.”

ರಂಗನಾಥ ಮೂರು ಹಿಡಿ ಹಾಕಿದ, ಹರ್ಷಿತಾ ಹಾಕಿದಳು, ಊರಿನವರು ಹಾಕಿದರು. ಹನುಮಕ್ಕನನ್ನು ಯಾರೂ ಕರೆಯಲಿಲ್ಲ. ಜೆಸಿಬಿ ಬಂದು ಮಣ್ಣು ಎಳೆಯತೊಡಗಿದಾಗ ಜನ ಹಿಂದೆ ಸರಿದರು. ಅವಳ ಬಲಗೈಯ ಮಣ್ಣು ಅವಳ ಕೈಯಲ್ಲೇ ಉಳಿದಿತ್ತು.

*

ಸಂಜೆ ಹೆಣ ಮಲಗಿಸಿದ್ದ ಜಾಗದಲ್ಲಿ ಸೇರು ಅಕ್ಕಿಯ ಮೇಲೆ ದೀಪ ಇಟ್ಟರು. ಬಂದವರೆಲ್ಲ ಕಾಲು ತೊಳೆದು, ದೀಪ ನೋಡಿ ಹೊರಟರು. ತಿಪ್ಪೇಶ್ ಒಳಗೆ ಬರಲಿಲ್ಲ. ದೀಪವನ್ನೂ ನೋಡದೆ ಹೊಲದಿಂದಲೇ ಹೋಗಿಬಿಟ್ಟಿದ್ದ. ಮೇಷ್ಟ್ರು ಹೋಗುವಾಗ ಅಕ್ಕನ ಮುಂದೆ ಒಂದು ಗಳಿಗೆ ನಿಂತರು. ಮೂರನೇ ದಿನದ ಹಾಲು ತುಪ್ಪಕ್ಕೆ ಬೆಳಿಗ್ಗೆಯೇ ಬರುತ್ತೇನೆ ಎಂದಷ್ಟೇ ಹೇಳಿದರು. ಬೆಳಗ್ಗೆ ಮಾಡಿದ ಪಟ್ಟಿ ಆ ಪುಸ್ತಕದ ಕೊನೆಯ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿತ್ತು. ತಂದ ಸಾಮಾನಿಗೆಲ್ಲ ಅವರು ರೈಟು ಹಾಕಿದ್ದರು.

ರಂಗನಾಥ ಪುಸ್ತಕ ಹಿಡಿದು ಗೋಡೆಯ ಗೂಡಿನ ಹತ್ತಿರ ಹೋದ. ಮಾತ್ರೆಯ ಡಬ್ಬಿ ತೆಗೆದ. ಒಂದು ಪಟ್ಟಿ ಪೂರ್ತಿ ಖಾಲಿ. ಇನ್ನೊಂದರಲ್ಲಿ ಏಳು ಗುಳಿ ಒಡೆದಿದ್ದವು, ಮೂರು ಮಾತ್ರೆ ಉಳಿದಿದ್ದವು. ಅವನು ಒಡೆದ ಗುಳಿಯ ಮೇಲೆ ಒಂದು ಬೆರಳು, ಇಂಟಿನ ಮೇಲೆ ಒಂದು ಬೆರಳು ಇಟ್ಟು ಒಂದೊಂದಾಗಿ ಎಣಿಸಿದ. ಹದಿನೇಳಕ್ಕೆ ಹದಿನೇಳು. ಪುಸ್ತಕವನ್ನು ದೀಪದ ಪಕ್ಕ ಇಟ್ಟ. ಇವತ್ತೊಂದು ದಿನ ಬೇರೆಯವರು ನೀರು ಬಿಡುತ್ತಾರೆ ಎಂದು ಬಾಗಿಲಲ್ಲಿದ್ದವರು ಹೇಳಿದರೂ ಕೇಳದೆ ವಾಲ್ವಿನ ಸಲಾಕೆ ಹೆಗಲಿಗೆ ಹಾಕಿಕೊಂಡು ಹೊರಟ. ತಾಯಿಯ ಮುಂದೆಯೇ ಹಾದುಹೋದ.

ದೀಪ ಹಚ್ಚಿದ ಹೊತ್ತು ಕಳೆದಿತ್ತು. ಹನುಮಕ್ಕ ಡ್ರಾಪ್ಸಿನ ಶೀಸೆ ತಂದು ಕೂತಳು. ಅಡುಗೆಮನೆಯಲ್ಲಿ ಹರ್ಷಿತಾ ಇದ್ದಳು, ಅವಳ ಕಾಲುಗಳು ಕಾಣುತ್ತಿದ್ದವು.

“ಹರ್ಷಿ, ಒಂದು ತೊಟ್ಟು ಬುಡು ಬಾರಮ್ಮ.”

ಕಾಲುಗಳು ಅಲುಗಲಿಲ್ಲ. ಹನುಮಕ್ಕ ಶೀಸೆ ಕೆಳಗಿಟ್ಟಳು.

ಪುಸ್ತಕ ತೆರೆದಳು. ಈ ತಿಂಗಳ ಕೊನೆಯ ಸಾಲಿನಲ್ಲಿ ಆಸ್ಪತ್ರೆಯ ಚಿತ್ರವಿತ್ತು, ಅದರ ಮುಂದೆ ಬರೀ ಒಂದು ಚುಕ್ಕಿ. ಹನುಮಕ್ಕ ಪೆನ್ನು ಹಿಡಿದು ಆ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಅಡ್ಡ ಗೀಟು ಎಳೆದಳು. ಮಾತ್ರೆಯ ಸಾಲಿನಲ್ಲಿ ಹದಿನೆಂಟರಿಂದ ಮುಂದಕ್ಕೆ ಗೀಟು ಎಳೆದಳು. ಮಣ್ಣು ಮೆತ್ತಿದ್ದ ಬೆರಳಿನ ಗುರುತು ಹಾಳೆಯ ಮೇಲೆ ಉಳಿಯಿತು.

ಆಮೇಲೆ ತಲೆ ಹಿಂದಕ್ಕೆ ಒರಗಿಸಿ, ಶೀಸೆಯನ್ನು ಕಣ್ಣಿನ ಮೇಲೆ ಹಿಡಿದು ಒತ್ತಿದಳು. ಮೊದಲ ತೊಟ್ಟು ಕೆನ್ನೆಗೆ ಬಿತ್ತು. ಎರಡನೆಯದು ಹುಬ್ಬಿಗೆ. ಮೂರನೆಯದು ಒಳಗೆ ಹೋಯಿತೋ ಹೊರಗೆ ಹರಿಯಿತೋ ತಿಳಿಯಲಿಲ್ಲ. ಹೋಯಿತು ಎಂದು ಹೇಳುವವರಿರಲಿಲ್ಲ.

ಸೊಸೆಯ ಮೇಲೆ ಬಂದಿದ್ದ ತಪ್ಪು ಹೋಗಿತ್ತು. ಆ ಮನೆಯಲ್ಲಿ ಹನುಮಕ್ಕನ ಜೊತೆ ಮಾತಾಡುವವರೂ ಹೋಗಿದ್ದರು. ಕಣ್ಣಿನ ಸಾಲಿನ ಹದಿನೆಂಟನೇ ಚೌಕದಲ್ಲಿ, ಯಾವುದೋ ಮಧ್ಯಾಹ್ನ ಅವಳೇ ಜರಡಿಯ ತೂತಿನಲ್ಲಿ ಇಟ್ಟಿದ್ದ ಚುಕ್ಕಿ, ಚುಕ್ಕಿಯಾಗಿಯೇ ಇತ್ತು.